ಪರೀಕ್ಷೆಯ ಪೆಟ್ಟಿಗೆ ತೊಳೆದವಳು

ಪ್ರತಿ ಗುರುವಾರ ಸಂಜೆ ಆಸ್ಪತ್ರೆಯಿಂದ ಹೊರಡುವಾಗ ಕಾಂಚನಾಳ ಕೈಯಲ್ಲಿ ಒಂದು ನೀಲಿ ಪೆಟ್ಟಿಗೆ ಇರುತ್ತಿತ್ತು. ಅದರೊಳಗೆ ಕೆಂಪು ಬ್ಲಾಕುಗಳು, ತೂತಿಗೆ ಸಿಕ್ಕಿಸುವ ಗೂಟಗಳು, ಒಂದು ಗೊಂಬೆ, ಚಿತ್ರದ ಕಾರ್ಡುಗಳು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಮಿದುಳು ಹೇಗೆ ಬೆಳೆಯುತ್ತಿದೆ ಎಂದು ಅಳೆಯುವ ಸಾಮಾನು ಅದು. ಡಾಕ್ಟರ್ ಫಿದಾ ಅವರ ಆ ಸಂಶೋಧನೆಯಲ್ಲಿ ಆರು ಜನರಿದ್ದರು. ಪರೀಕ್ಷೆ ಮಾಡುವುದು ಒಬ್ಬರ ಕೆಲಸ, ಅಂಕ ಕೂಡಿಸುವುದು ಇನ್ನೊಬ್ಬರದು, ಪ್ರಬಂಧ ಬರೆಯುವುದು ಮೂವರದು. ವಾರವಿಡೀ ಮಕ್ಕಳು ಬಾಯಿಗೆ ಹಾಕಿದ ಸಾಮಾನನ್ನು ತೊಳೆಯುವವರು ಯಾರು ಎಂದು ಯಾವ ಕಾಗದದಲ್ಲೂ ಇರಲಿಲ್ಲ. ಗದಗಿನಿಂದ ಈ ಗಲ್ಫ್ ದೇಶಕ್ಕೆ ನರ್ಸಾಗಿ ಬಂದಿದ್ದ ಕಾಂಚನಾ ಒಂದು ದಿನ ನೋಡಲಾರದೆ ಮನೆಗೆ ಒಯ್ದಳು. ಅಂದಿನಿಂದ ಅದು ಅವಳದೇ ಆಯಿತು. ಶುಕ್ರ, ಶನಿ ರಜೆ ಮುಗಿದು ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಸ್ವಚ್ಛವಾಗಿ ಮೇಜಿನ ಮೇಲಿರುತ್ತಿತ್ತು. ಹೇಗೆ ಬಂತೆಂದು ಮೂರು ವರ್ಷ ಯಾರೂ ಕೇಳಲಿಲ್ಲ.

ಮಂಗಫ್‌ನ ಮನೆಯಲ್ಲಿ ಅವಳ ಮಗಳು ಶ್ರಾವಣಿ ಇದ್ದಳು. ಅವಳೂ ಏಳನೆಯ ತಿಂಗಳಿಗೇ ಹುಟ್ಟಿದವಳು, ಅದೇ ಸಂಶೋಧನೆಯ ಪಟ್ಟಿಯಲ್ಲಿದ್ದವಳು. ಹುಟ್ಟಿದ ಕೆಲವು ವಾರಗಳಲ್ಲಿ ತೆಗೆದ ತಲೆಯ ಸ್ಕ್ಯಾನಿನಲ್ಲಿ ಎಡಗಡೆ ಹೆಸರುಕಾಳಿನಷ್ಟು ಕಪ್ಪು ಕಂಡಿತ್ತು. ಏನೂ ಆಗದಿರಬಹುದು, ಏನಾದರೂ ಆಗಲೂಬಹುದು ಎಂದಿದ್ದರು ಫಿದಾ. ಅಂದಿನಿಂದ ಕಾಂಚನಾ ಆ ಕಾಳನ್ನು ಬಿಟ್ಟು ಬರೀ ಮಗಳನ್ನು ನೋಡಿದ್ದೇ ಇಲ್ಲ. ಮಗು ಚಾಪೆಗೆ ಎಡವಿದರೆ ಆ ಕಾಳು. ಎರಡು ಸಲ ಕರೆದರೂ ತಿರುಗದಿದ್ದರೆ ಆ ಕಾಳು. ನಗುವಾಗಲೂ ನಗುವಿನ ಹಿಂದೆ ಅದು ಕೂತಿರುತ್ತಿತ್ತು. ರಿಫೈನರಿಯ ಬಸ್ಸಿನಿಂದಿಳಿದು ಬಂದ ಗಂಡ ಪ್ರವೀಣ, ಎಲ್ಲಾ ಮಕ್ಕಳೂ ಬೀಳುತ್ತವೆ ಎಂದು ಹೇಳಿ ಊಟಕ್ಕೆ ಕೂರುತ್ತಿದ್ದ.

ಮೂರೂವರೆ ವರ್ಷಕ್ಕೆ ದೊಡ್ಡ ಪರೀಕ್ಷೆ. ಅಂಕ ಕಡಿಮೆಯಾದರೆ ವಾರಕ್ಕೆರಡು ಸಲ ಆಸ್ಪತ್ರೆಯಲ್ಲೇ ತರಬೇತಿ. ಹೆಚ್ಚಾದರೆ ತರಬೇತಿಯ ಪಟ್ಟಿಯಿಂದ ಹೆಸರು ಹೋಗುತ್ತದೆ.

ಪರೀಕ್ಷೆ ಮಾಡಿದವಳು ತಂಡದ ಅಶ್ಮಿತಾ. ಗಾಜಿನ ಈಚೆ ಕಾಂಚನಾ ನಿಂತಿದ್ದಳು. ಅಶ್ಮಿತಾ ಹೇಳಿ ಮುಗಿಸುವ ಮೊದಲೇ ಶ್ರಾವಣಿ ಬ್ಲಾಕುಗಳನ್ನು ಸೇತುವೆಯಂತೆ ಜೋಡಿಸಿದಳು. ಗೂಟಗಳು ಸರಸರನೆ ತೂತಿಗೆ ಇಳಿದವು. ಕಾರ್ಡು ತಿರುಗಿಸುವ ಮುನ್ನವೇ, ಇನ್ನೂ ಕಾಣದ ಚಿತ್ರದ ಹೆಸರು ಹೇಳಿದಳು.

ಕಾಂಚನಾಳ ಕಣ್ಣೆದುರು ಶುಕ್ರವಾರಗಳ ಅಡುಗೆಮನೆ ಬಂತು. ತೊಳೆದು ಟವೆಲ್ ಮೇಲೆ ಹರವಿದ ಸಾಮಾನು. ಅನ್ನ ಇಳಿಸುವವರೆಗೆ, ನೆಲ ಒರೆಸುವವರೆಗೆ ಮಗು ಸುಮ್ಮನಿರಲೆಂದು ಅದನ್ನೇ ಮುಂದಿಟ್ಟದ್ದು. ಸಾರು ತಿರುವುತ್ತ, ಹಾಂಗಲ್ಲ, ಹೀಂಗ ಇಡು ಎಂದದ್ದು.

ಅಂಕ ಬಹಳ ಬಂತು. ಪ್ರವೀಣ ಊರಿಗೆಲ್ಲ ಫೋನ್ ಮಾಡಿದ. ತರಬೇತಿಯ ಪಟ್ಟಿಯಿಂದ ಶ್ರಾವಣಿಯ ಹೆಸರು ಹೋಯಿತು.

ಭಾನುವಾರ ಕಾಂಚನಾ ಫಿದಾಗೆ ಎಲ್ಲವನ್ನೂ ಹೇಳಿದಳು. ಹೆಸರು ಮತ್ತೆ ಸೇರಬೇಕೆಂಬುದೊಂದೇ ಅವಳ ಆಸೆ. ಪೆಟ್ಟಿಗೆಯನ್ನು ಮನೆಗೆ ಒಯ್ಯಲು ಹೇಳಿದವರು ಯಾರು ಎಂದು ಫಿದಾ ಕೇಳಿದರು. ಯಾರೂ ಹೇಳಿರಲಿಲ್ಲ. ಅವರು ಅಂಕದ ಮೇಲೆ ಗೀಟು ಎಳೆದರು. ಅಂಕವಿಲ್ಲದ ಮಗುವನ್ನು ಪಟ್ಟಿಗೆ ಸೇರಿಸುವಂತಿಲ್ಲ. ಐದು ತುಂಬಿದ ಮೇಲೆ ಬೇರೆ ಪರೀಕ್ಷೆ ಇದೆ, ಅಲ್ಲಿಯವರೆಗೆ ಕಾಯಬೇಕು ಎಂದರು. ಅದೇ ವಾರ ಸಾಮಾನು ತೊಳೆಯುವ ಕೆಲಸವೂ ಕಾಗದಕ್ಕೆ ಏರಿತು, ಆಸ್ಪತ್ರೆಯಲ್ಲೇ ತೊಳೆಯಬೇಕೆಂದು. ಆ ಕೆಲಸದ ಮುಂದೆ ಬರೆದದ್ದು ಕಾಂಚನಾಳ ಹೆಸರನ್ನೇ.

“ಪಾಸಾದ ಹುಡುಗೀನ ನೀನ ಫೇಲ್ ಮಾಡ್ಸಿ ಬಂದಿ ಅಲ್ಲ?” ಎಂದ ಪ್ರವೀಣ.

“ಪಾಸಾದಾಕಿ ಅಕಿ ಅಲ್ರಿ. ನಾನು.”

ಶುಕ್ರವಾರ ಅವಳು ಮಗಳ ಮುಂದೆ ಹಸಿ ಬಟಾಣಿ ಕಾಯಿ ಸುರಿದಳು. ಅದನ್ನು ಸುಲಿಯುವುದು ತಾನು ಎಂದೂ ಕಲಿಸದ್ದು. ಏನೂ ಹೇಳದೆ ಕೂತಳು. ಶ್ರಾವಣಿ ಒಂದು ಕಾಯಿ ಎತ್ತಿಕೊಂಡಳು. ಕಾಯಿಯನ್ನು ನೋಡಲಿಲ್ಲ, ತಾಯಿಯ ಮುಖ ನೋಡಿದಳು. ಹುಬ್ಬು, ತುಟಿ, ಮತ್ತೆ ಹುಬ್ಬು. ಬೆರಳನ್ನು ತುಸು ಸರಿಸಿ ನಿಲ್ಲಿಸಿದಳು.

“ಲೈಕ್ ದಿಸ್, ಮಮ್ಮಿ?”

ಕಾಂಚನಾ ಮುಖ ಕಾಣದಂತೆ ಗೋಡೆಯ ಕಡೆ ತಿರುಗಿ ಕೂತಳು. ಬೆನ್ನ ಹಿಂದೆ ಸಿಪ್ಪೆ ಸೀಳುವ ಸಪ್ಪಳ ಬರುತ್ತದೇನೋ ಎಂದು ಕಾದಳು.