ಮಹೆಬೂಬರ ಹದಿನೇಳು ನಿಮಿಷ

ಬೆಳಗಿನ ಐದೂವರೆ. ಹುಮನಾಬಾದಿನ ಹಳೆಯ ಬಜಾರಿನಲ್ಲಿ ಇನ್ನೂ ಒಂದು ಅಂಗಡಿಯ ಬಾಗಿಲೂ ತೆರೆದಿಲ್ಲ. ಮಸೀದಿಯ ಹಿಂದಿನ ಗಲ್ಲಿಯಲ್ಲಿ ಮಾತ್ರ ಐವತ್ಮೂರು ವರ್ಷದ ಒಬ್ಬರು ದೊಡ್ಡ ತಾಮ್ರದ ಹಂಡೆಯೊಳಗೆ ಇಳಿದು ನಿಂತಿದ್ದಾರೆ. ಎರಡೂ ಕೈ ಗೋಡೆಗೆ ಊರಿ, ಕಾಲಡಿ ಮರಳು ಮತ್ತು ಹರಿದ ಗೋಣಿಯ ತುಂಡು ಹಾಕಿಕೊಂಡು, ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುವುತ್ತಿದ್ದಾರೆ. ಹಂಡೆಯ ಒಳಮೈ ಕರ್ರ್ ಕರ್ರ್ ಎನ್ನುತ್ತದೆ. ಕಲಾಯಿ ಹಾಕುವ ಮುಂಚೆ ಪಾತ್ರೆಯ ಹಳೆಯ ಕೊಳೆ ಹೀಗೇ ಹೋಗಬೇಕು. ಗಲ್ಲಿಗೆ ಹೊಸಬರು ಬಂದರೆ, ಯಾರೋ ಹಂಡೆಯೊಳಗೆ ಕುಣಿಯುತ್ತಿದ್ದಾರೆ ಎಂದು ನಿಂತು ನೋಡುತ್ತಾರೆ.

“ನೋಡ್ಲಿ ಬಿಡ್ರಿ,” ಎನ್ನುತ್ತಾರೆ ಮಹೆಬೂಬ, ಸೊಂಟ ನಿಲ್ಲಿಸದೆ. “ನನ್ನ ಬಾಜಾಕ್ಕ ಯಾರಿಗೂ ಕುಣೀಲಾಕ ಬರಂಗಿಲ್ಲ ಅಂತಾರ. ನಾನರೆ ಕುಣೀತೀನಿ.”

ಮಹೆಬೂಬರಿಗೆ ಎರಡು ಕೆಲಸ. ವರ್ಷವಿಡೀ ಕಲಾಯಿ, ಮದುವೆಯ ಕಾಲದಲ್ಲಿ ಬೆಂಜೊ ನುಡಿಸುವುದು. ಮೊದಲೆಲ್ಲ ದಿನಕ್ಕೆ ನಲವತ್ತು ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಮನೆಮನೆಗೆ ಸ್ಟೀಲು ಬಂದ ಮೇಲೆ ಅದು ಹದಿನೈದಕ್ಕೆ ಇಳಿದಿದೆ. ಹಬ್ಬದ ಮುನ್ನಾದಿನ ಇಪ್ಪತ್ತಾದರೆ ದೊಡ್ಡದು. ಇದ್ದಿಲ ಬೆಂಕಿಯ ಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಚೆಲ್ಲಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಮ್ಮೆ ಸವರಿದರೆ ಕಪ್ಪಗಿದ್ದ ತಳ ಬೆಳದಿಂಗಳ ಹಾಗೆ ಬೆಳಗುತ್ತದೆ. ಆಗ ಏಳುವ ಬಿಳಿ ಹೊಗೆಗೆ ಮಹೆಬೂಬರ ಕಣ್ಣು ಸದಾ ಕೆಂಪು. ಬಲಗೈಯ ಮೂರು ಬೆರಳ ತುದಿಗೆ ಬಿಸಿ ತಾಗಿದರೂ ಗೊತ್ತಾಗುವುದಿಲ್ಲ. ಎಡಗೈಯನ್ನು ಮಾತ್ರ ಜೋಪಾನ ಮಾಡಿಕೊಂಡಿದ್ದಾರೆ. ಬೆಂಜೊದ ಗುಂಡಿ ಒತ್ತುವುದು ಎಡಗೈ.

ಬೀದರ್ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಐವತ್ತಾರರಲ್ಲಿ ಮಹೆಬೂಬರಿಗೆ ಇಪ್ಪತ್ತನಾಲ್ಕು. ಹಗಲು ತಂದೆಯ ಜೊತೆ ಕಲಾಯಿ ತಿದಿ ಊದುವುದು, ಸಂಜೆ ಮದುವೆಯ ಮೆರವಣಿಗೆಯಲ್ಲಿ ತಲೆಯ ಮೇಲೆ ಗ್ಯಾಸ್‌ಬತ್ತಿ ಹೊರುವುದು. “ಬತ್ತಿ ಹೊತ್ತವ್ನಿಗಿ ಕತ್ತು ತಿರಗ್ಸಲಾಕ ಬರಂಗಿಲ್ರಿ. ಕಣ್ಣಿಗಿ ಏನೂ ಕಾಣಂಗಿಲ್ಲ. ಕಿವಿ ಅಷ್ಟೇ ಕೆಲಸ ಮಾಡ್ತದ. ಹಂಗ ಬಾಜಾ ಕಲ್ತೀನಿ.” ಎಂಟು ವರ್ಷದ ನಂತರ ಹಳೆ ಪಾತ್ರೆಗಳ ಮೂಟೆಯಲ್ಲಿ ತಂತಿ ಹರಿದ ಒಂದು ಬೆಂಜೊ ಬಂತು. ಅದೊಂದು ಉದ್ದನೆಯ ಪೆಟ್ಟಿಗೆ. ಎಡಗೈಗೆ ಟೈಪ್‌ರೈಟರಿನಂಥ ಗುಂಡಿಗಳು, ಬಲಗೈಗೆ ತಂತಿ. ಮಹೆಬೂಬ ತಾವೇ ಬೆಸುಗೆ ಹಾಕಿದರು. ಕೆಟ್ಟುಹೋದ ಟೆಲಿಫೋನಿನ ಕಿವಿತುಂಡನ್ನು ಮೈಕಿನ ಹಾಗೆ ಅದರ ಹೊಟ್ಟೆಗೆ ಕೂಡಿಸಿ, ಬ್ಯಾಟರಿ ಹಚ್ಚಿ, ಭೋಂಗಾಕ್ಕೆ, ಅಂದರೆ ಕಹಳೆಯಂಥ ಧ್ವನಿವರ್ಧಕಕ್ಕೆ, ಜೋಡಿಸಿದರು. ಮೊದಲ ದಿನ ಅದು ಕಿರುಚಿದ್ದಕ್ಕೆ ಗಲ್ಲಿಯ ಆಡುಗಳೆಲ್ಲ ಹಗ್ಗ ಕಿತ್ತುಕೊಂಡು ಓಡಿದವಂತೆ.

ದುಬಲಗುಂಡಿಯ ಕೂಲಿಯಾಳು ವೈಜಿನಾಥ ಆಗ ಡ್ರಮ್ ಬಾರಿಸುವುದರಲ್ಲಿ ಹೆಸರು ಮಾಡಿದ್ದ. ಇಬ್ಬರೂ ಸೇರಿ ‘ಬಹಾರ್ ಬೆಂಜೊ ಪಾರ್ಟಿ’ ಕಟ್ಟಿದರು. ತಳ್ಳುವ ಗಾಡಿಯ ಮೇಲೆ ಭೋಂಗಾ, ಮುಂದೆ ಬೆಂಜೊ, ಪಕ್ಕದಲ್ಲಿ ಡ್ರಮ್. ಹುಮನಾಬಾದ್, ಬಸವಕಲ್ಯಾಣ, ಸುತ್ತಲಿನ ಹಳ್ಳಿ ಸೇರಿ ಒಂದು ಬೇಸಿಗೆಗೆ ಮೂವತ್ತು ಮದುವೆ. ಹನ್ನೆರಡು ವರ್ಷ ಸಿನಿಮಾ ಹಾಡು ಬಿಟ್ಟು ಬೇರೇನೂ ನುಡಿಸಲಿಲ್ಲ. ಜನ ಕುಣಿದರು, ನೋಟು ಹಾರಿಸಿದರು, ಹೆಸರು ಮರೆತರು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಮಹೆಬೂಬ ತಮ್ಮದೇ ಒಂದು ಹಾಡು ಮಾಡಿದರು. ಮಾತಿಲ್ಲದ, ಬರೀ ಬಾಜಾದ ಹಾಡು. ಒಟ್ಟು ಹದಿನೇಳು ನಿಮಿಷ. ಮೊದಲ ಮೂರು ನಿಮಿಷ ಒಂದೇ ತಂತಿ, ಏನೋ ಉಜ್ಜಿದ ಹಾಗೆ. ಆಮೇಲೆ ಡ್ರಮ್ ಏಳರ ಲೆಕ್ಕದಲ್ಲಿ ಶುರುವಾಗುತ್ತದೆ. ಕುಣಿಯುವ ಮಂದಿಗೆ ನಾಲ್ಕು, ಎಂಟು ಗೊತ್ತು, ಏಳು ಗೊತ್ತಿಲ್ಲ. ಇನ್ನೇನು ರಂಗು ಏರಿತು ಎನ್ನುವಾಗ ಹಾಡು ತಟ್ಟನೆ ನಿಲ್ಲುತ್ತದೆ. ನಿಧಾನಕ್ಕೆ ಒಂಬತ್ತು ಎಣಿಸುವಷ್ಟು ಹೊತ್ತು ಪೂರಾ ಸದ್ದಿಲ್ಲ. ಮತ್ತೆ ಶುರುವಾದಾಗ ಸ್ವರ ಒಂದು ಮೆಟ್ಟಿಲು ಕೆಳಗೆ, ನಡಿಗೆ ನಿಧಾನ. ಹೀಗೆ ಮೂರು ಸಲ.

ಬಸವಕಲ್ಯಾಣದ ಒಂದು ಮದುವೆಯಲ್ಲಿ ಮೊದಲ ಬಾರಿ ಅದನ್ನು ನುಡಿಸಿದ ದಿನ ಮೆರವಣಿಗೆ ನಡುಬೀದಿಯಲ್ಲಿ ಮುಗ್ಗರಿಸಿತು. ಸದ್ದು ನಿಂತಾಗ ಮದುಮಗನ ಕುದುರೆಯೂ ನಿಂತಿತು. ಮತ್ತೆ ಶುರುವಾದರೂ ಕುದುರೆ ಹೊರಡಲೊಲ್ಲದು. ಕುಣಿಯುತ್ತಿದ್ದವರಲ್ಲಿ ಒಬ್ಬ ಕೂಗಿದನಂತೆ: “ಏಳಕ್ಕ ಕುಣದರ ಒಂದು ಕಾಲು ಉಳೀತದಲ್ಲೋ ಮಾರಾಯ, ಅದನ್ನೆಲ್ಲಿ ಇಡ್ಲಿ?” ಬೀಗರು ಸಿಟ್ಟಾದರು. ಆದರೆ ಮೆರವಣಿಗೆ ಮುಂದೆ ಹೋದ ಮೇಲೂ ನಾಲ್ಕೈದು ಮಂದಿ ಗಾಡಿಯ ಹಿಂದೆಯೇ ನಡೆದು ಬಂದು, “ಅದೇನ್ರಿ ಅದು?” ಎಂದು ಕೇಳಿದರು. ಹನ್ನೆರಡು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.

ಆ ನಾಲ್ಕೈದು ಮಂದಿಯಲ್ಲಿ ಒಬ್ಬರು ಶಾಲೆಯ ಮಾಸ್ತರ ನಾಗನಾಥ. ಅವರು ಟೇಪ್‌ರೆಕಾರ್ಡರ್ ತಂದು ಕಲಾಯಿ ಅಂಗಡಿಯಲ್ಲೇ ಹಾಡನ್ನು ತುಂಬಿಕೊಂಡರು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು ಅದು ಪುಣೆ ರಸ್ತೆಯ ಲಾರಿಗಳನ್ನೂ ಹತ್ತಿತು. ಜಗಳ ಶುರುವಾದದ್ದು ಆಗ. ಬಸ್‌ಸ್ಟ್ಯಾಂಡಿನೆದುರು ಚಹಾದ ಹೋಟೆಲು ಇಟ್ಟಿರುವ ಸಿದ್ದಪ್ಪನವರಿಗೆ ಇಂದಿಗೂ ಆ ಹಾಡೆಂದರೆ ಮೈಯುರಿ. “ಹೊಟ್ಟಿನೋವು ಬಂದವ್ರು ನರಳಿದಂಗ ಅದ ನೋಡ್ರಿ. ಅದಕ್ಕ ತಲಿ ಇಲ್ಲ, ಬುಡ ಇಲ್ಲ.” ನಾಗನಾಥ ಮಾಸ್ತರರ ಮಾತೇ ಬೇರೆ: “ಬಾಕಿ ಹಾಡು ಕೇಳಿದ್ರ ಕಾಲು ಅಲುಗಾಡ್ತಾವ. ಇದು ಕೇಳಿದ್ರ ಕಾಲು ಸುಮ್ಮನ ನಿಲ್ತಾವ. ನನಗ ಅದೇ ಬೇಕಾಗಿತ್ತು.” ಒಂದು ಗುಂಪು ನಡುವಿನ ತುಂಡು ಚೆನ್ನಾಗಿದೆ, ಬಾಕಿ ಕತ್ತರಿಸು ಎಂದಿತು. ಇನ್ನೊಂದು ಗುಂಪು ಒಂದು ನಿಮಿಷ ಕತ್ತರಿಸಿದರೂ ಮದುವೆಗೆ ಕರೆಯುವುದಿಲ್ಲ ಎಂದಿತು. ಆ ನಿಲುಗಡೆಯ ಬಗ್ಗೆಯಂತೂ ಬಗೆಬಗೆಯ ವಾದ: ವೈರು ಸಡಿಲ, ಬ್ಯಾಟರಿ ಹಳೆಯದು, ಮಹೆಬೂಬನಿಗೆ ಮುಂದಿನದು ಮರೆತು ಹೋಗುತ್ತದೆ.

ಹೊರಗಿನವರ ಜಗಳ ಕೊನೆಗೆ ಗಾಡಿಯ ಮೇಲೂ ಬಂತು. ಸದ್ದು ನಿಂತಾಗ ಮಂದಿ ನಗುವುದು ವೈಜಿನಾಥನಿಗೆ ಸಹಿಸಲಾಗುತ್ತಿರಲಿಲ್ಲ. ಅಲ್ಲಿ ಡ್ರಮ್ ಉರುಳಿಸಿ ತುಂಬಿಬಿಡುತ್ತೇನೆ ಎಂದ. ಮಹೆಬೂಬ ಬೇಡ ಎಂದರು. ಈಗ ಅವರೇ ಹೇಳುತ್ತಾರೆ: “ಎರಡು ವರ್ಷ ಯಾಕಂತ ಕೇಳ್ದ ಪಾಪ. ನಾನು ಬ್ಯಾಡ ಅಂದ್ರ ಬ್ಯಾಡ ಅಂದೀನಿ. ದೋಸ್ತನಿಗಿ ಹಂಗ ಅನಬಾರ್ದಿತ್ತು.” ಎಂಬತ್ತರಲ್ಲಿ ವೈಜಿನಾಥ ಡ್ರಮ್ ಹೆಗಲಿಗೇರಿಸಿಕೊಂಡು ಬಸವಕಲ್ಯಾಣಕ್ಕೆ ಹೋದ. ಅಲ್ಲಿ ‘ನ್ಯೂ ಬಹಾರ್ ಬೆಂಜೊ ಪಾರ್ಟಿ’ ಎಂಬ ಬೋರ್ಡು ಎದ್ದಿತು. ಬೆಂಜೊಕ್ಕೆ ಬೇರೊಬ್ಬನನ್ನು ಕೂರಿಸಿ, ಅದೇ ಹಾಡನ್ನು ಏಳರಿಂದ ಎಂಟಕ್ಕೆ ತಂದು, ನಿಲುಗಡೆ ತೆಗೆದು, ಐದು ನಿಮಿಷಕ್ಕೆ ಇಳಿಸಿದ. ಕಲ್ಯಾಣದ ಮಂದಿ ಕುಣಿದದ್ದೇ ಕುಣಿದದ್ದು. ಅಲ್ಲಿಂದ ಎರಡು ಊರಿಗೆ ಎರಡು ಹಾಡು. ಕಲ್ಯಾಣದವರಿಗೆ ಹುಮನಾಬಾದಿನದು ಹುಚ್ಚು, ಹುಮನಾಬಾದಿನವರಿಗೆ ಕಲ್ಯಾಣದ್ದು ಕಳ್ಳತನ.

ಅಲ್ಲಿಂದ ಮೂರು ವರ್ಷ ಇಬ್ಬರ ನಡುವೆ ಮಾತುಕತೆ ಇರಲಿಲ್ಲ ಎನ್ನುತ್ತಾರೆ ಮಹೆಬೂಬರ ಹೆಂಡತಿ ಲತೀಫಾ. ಡ್ರಮ್ಮಿಗೆ ಮಹೆಬೂಬರ ತಂಗಿಯ ಗಂಡ ವಜೀರ್ ಬಂದ. ಕೈ ಚುರುಕು, ಆದರೆ ಏಳು ಎಣಿಸುವಾಗ ತುಟಿ ಅಲುಗಾಡುತ್ತಿತ್ತು. ಮದುವೆಗಳು ಮೂವತ್ತರಿಂದ ಹನ್ನೊಂದಕ್ಕೆ ಬಂದವು. ಒಂದು ದಿನ ಲತೀಫಾ ಗಂಡನಿಗೆ ಹೇಳದೆ ಕಲ್ಯಾಣದ ಬಸ್ಸು ಹತ್ತಿದರು. ವೈಜಿನಾಥನ ಮನೆಯ ಕಟ್ಟೆಯ ಮೇಲೆ ಕೂತು ಕೇಳಿದರು: “ವೈಜು ಭಾಯಿ, ನಮ್ಮ ಅತ್ತಿ ಬೀಸುವಾಗ ಹಾಡ್ತಿದ್ಲು, ನೆಪ್ಪದ ಏನು?”

ವೈಜಿನಾಥನಿಗೆ ನೆನಪಿಲ್ಲದೆ ಏನು! ಮಹೆಬೂಬರ ತಾಯಿ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತರೆ ಹಾಡದೆ ಬೀಸುತ್ತಿರಲಿಲ್ಲ. ಆಕೆಗೆ ದಮ್ಮಿನ ಬೇನೆ. ನಡುವೆ ಉಸಿರು ಕಟ್ಟುತ್ತಿತ್ತು. ಕಲ್ಲೂ ನಿಲ್ಲುತ್ತಿತ್ತು, ಹಾಡೂ ನಿಲ್ಲುತ್ತಿತ್ತು. ಉಸಿರು ಮರಳಿದ ಮೇಲೆ ಮೊದಲಿನ ಎತ್ತರಕ್ಕೆ ದನಿ ಹೋಗುತ್ತಿರಲಿಲ್ಲ. ಸ್ವಲ್ಪ ಕೆಳಗಿನಿಂದ ಎತ್ತಿಕೊಳ್ಳುತ್ತಿದ್ದಳು. ಚಿಕ್ಕವರಿದ್ದಾಗ ಪಕ್ಕದಲ್ಲೇ ಮಲಗಿ ಕೇಳುತ್ತಿದ್ದ ಮಹೆಬೂಬ, ಹಾಡು ಇರುವುದೇ ಹಾಗೆ ಎಂದುಕೊಂಡಿದ್ದರು. ಎಪ್ಪತ್ತೇಳರಲ್ಲಿ ಆಕೆ ತೀರಿಕೊಂಡಳು. ಮರುವರ್ಷ ಹಾಡು ಬಂತು.

“ಅಕಿ ಕೈಯಾಗಿನ ರೊಟ್ಟಿ ನಾನೂ ಹತ್ತು ವರ್ಷ ತಿಂದೀನ್ರಿ,” ಎನ್ನುತ್ತಾನೆ ವೈಜಿನಾಥ. ಕಲ್ಯಾಣದ ಮನೆಯಲ್ಲಿ ಡ್ರಮ್ಮಿನ ಚರ್ಮ ಬಿಗಿಯುತ್ತ ಕೂತವನು ಕೆಲಸ ನಿಲ್ಲಿಸುತ್ತಾನೆ. “ಆ ಉಬ್ಬಸ ಈ ಕಿವೀಲೇ ಕೇಳೀನಿ. ಎರಡು ವರ್ಷ ಆ ಹಾಡಿಗಿ ಡ್ರಮ್ ಬಾರಿಸೀನಿ. ಗುರ್ತ ಸಿಗಲಿಲ್ಲ ನೋಡ್ರಿ ನನಗ.”

ಎಂಬತ್ಮೂರರ ಮೇ ತಿಂಗಳು ಘಾಟಬೋರಾಳದಲ್ಲಿ ಒಂದು ಮದುವೆ. ಹುಡುಗನ ಕಡೆಯವರು ಕಲ್ಯಾಣದಿಂದ ನ್ಯೂ ಬಹಾರ್ ಕರೆತಂದರು, ಹುಡುಗಿಯ ಕಡೆಯವರು ಹುಮನಾಬಾದಿನಿಂದ ಬಹಾರ್ ಕರೆಸಿದರು. ಸಂಜೆಯ ಬಿಸಿಲು ಇಳಿಯುವಾಗ ಊರ ನಡುವಿನ ಕಟ್ಟೆಯ ಮುಂದೆ ಎರಡು ಗಾಡಿಗಳೂ ಎದುರುಬದುರಾದವು. ಎರಡೂ ಪಾರ್ಟಿಯ ಅಭಿಮಾನಿಗಳು ಸೈಕಲ್ಲು ಹೊಡೆದುಕೊಂಡು ಬಂದಿದ್ದರು. ಮೊದಲು ನ್ಯೂ ಬಹಾರ್ ಐದು ನಿಮಿಷದ ಹಾಡು ನುಡಿಸಿತು. ಮಣ್ಣು ಮುಗಿಲಿಗೇರುವ ಹಾಗೆ ಮಂದಿ ಕುಣಿದರು. ನಂತರ ಮಹೆಬೂಬ ಒಂದು ತಂತಿಯನ್ನು ಉಜ್ಜಲು ತೊಡಗಿದರು.

ಮೊದಲ ನಿಲುಗಡೆಗೆ ಸಿಳ್ಳೆ ಬಿದ್ದವು. “ಬ್ಯಾಟ್ರಿ ಹೋತಲೇ!” ಎಂದು ಯಾರೋ ಕೂಗಿದರು. ಎರಡನೆಯದಕ್ಕೆ ನಗು ಇನ್ನೂ ಜೋರು. ವಜೀರನ ಲೆಕ್ಕ ತಪ್ಪಿತು. ಮಹೆಬೂಬ ತಲೆ ಎತ್ತಲಿಲ್ಲ. ಮೂರನೆಯ ನಿಲುಗಡೆ ಬಂದಾಗ ವೈಜಿನಾಥ ತನ್ನ ಗಾಡಿ ಬಿಟ್ಟು, ಡ್ರಮ್ ಕೊರಳಿಗೆ ಹಾಕಿಕೊಂಡು, ನಡುವಿನ ಖಾಲಿ ಜಾಗ ದಾಟಿ ಬಂದ. ಒಂದು ಕೈ ಮೇಲೆತ್ತಿ ತನ್ನ ಕಡೆಯ ಮಂದಿಯತ್ತ ತಿರುಗಿ ನಿಂತ. ಹೊಡೆದಾಟವೇ ಆಗುತ್ತದೆ ಎಂದು ಹೆಂಗಸರು ಮಕ್ಕಳನ್ನು ಎಳೆದುಕೊಂಡರಂತೆ. ಯಾರೂ ಸಿಳ್ಳೆ ಹಾಕಲಿಲ್ಲ. ಇಡೀ ಊರು ಆ ನಿಲುಗಡೆ ಮುಗಿಯುವವರೆಗೆ ಸುಮ್ಮನಿತ್ತು. ಮಹೆಬೂಬರ ಬೆರಳು ತಂತಿಗೆ ಬಿದ್ದ ಕ್ಷಣಕ್ಕೇ ವೈಜಿನಾಥನ ಕೋಲು ಡ್ರಮ್ಮಿಗೆ ಬಿತ್ತು. ಏಳರ ಲೆಕ್ಕ, ಒಂದೂ ತಪ್ಪಿಲ್ಲ. ವಜೀರ್ ತನ್ನ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತ.

ಹಾಡು ಮುಗಿದ ಮೇಲೆ ಇಬ್ಬರೂ ಒಂದೇ ಚೊಂಬಿನ ನೀರು ಕುಡಿದರು. ಮೂರು ವರ್ಷದ ನಂತರ ವೈಜಿನಾಥ ಆಡಿದ ಮೊದಲ ಮಾತು: “ಕೊನಿದಕ್ಕ ಒಂಬತ್ತಲ್ಲ, ಹತ್ತು ಎಣಿಸ್ದಿ ನೀ.”

“ಅಮ್ಮಿ ಒಮ್ಮೊಮ್ಮಿ ಹತ್ತೂ ಮಾಡ್ತಿದ್ಲು,” ಎಂದರು ಮಹೆಬೂಬ.

ಇಬ್ಬರೂ ಮತ್ತೆ ಒಂದಾದರೇ? ಇಲ್ಲ. ಕಲ್ಯಾಣದಲ್ಲಿ ನ್ಯೂ ಬಹಾರ್ ಇದೆ, ಹುಮನಾಬಾದಿನಲ್ಲಿ ಬಹಾರ್ ಇದೆ. ವೈಜಿನಾಥನಿಗೆ ಸಾಕಬೇಕಾದ ಸಂಸಾರವಿದೆ. ಮಂದಿ ಐದು ನಿಮಿಷದ್ದೇ ಕೇಳುತ್ತಾರೆ. ಆದರೆ ಈಗ ಅವನು ತನ್ನ ಹಾಡಿನ ನಡುವೆಯೂ ಒಂದು ಉಸಿರಿನಷ್ಟು ಖಾಲಿ ಬಿಡುತ್ತಾನೆ. ಅದಕ್ಕೂ ಕಲ್ಯಾಣದಲ್ಲಿ ತಕರಾರು ಎದ್ದಿದೆಯಂತೆ. ಹಿಂದಿನ ವರ್ಷ ಮಹೆಬೂಬರಿಗೆ ಹದಿನಾಲ್ಕು ಮದುವೆ ಸಿಕ್ಕವು. ಅವುಗಳಲ್ಲಿ ಹಾಡನ್ನು ಪೂರಾ ನುಡಿಸಲು ಬಿಟ್ಟದ್ದು ಎರಡರಲ್ಲಿ.

ತಾಯಿಯ ಸಂಗತಿಯನ್ನು ಇಷ್ಟು ವರ್ಷ ಮುಚ್ಚಿಟ್ಟದ್ದೇಕೆ? ಮಹೆಬೂಬ ಹತ್ತಿಯ ಉಂಡೆಯನ್ನು ಪಕ್ಕಕ್ಕಿಡುತ್ತಾರೆ. “ಹೇಳಿದ್ರ ಮಂದಿ ಅಯ್ಯೋ ಪಾಪ ಅಂತ ಕೇಳ್ತಾರ. ಬಾಜಾ ಪಾಪ ಅಂತ ಕೇಳೂದಲ್ರಿ. ಸೇರಿದ್ರ ಕೇಳ್ಬೇಕು, ಇಲ್ಲಂದ್ರ ಬೈಬೇಕು.” ಹಾಗಾದರೆ ಪತ್ರಿಕೆಯಲ್ಲಿ ಬರೆಯಬಹುದೇ? “ಈಗ ಬರೀರಿ. ಏಳು ವರ್ಷ ಬೈಸ್ಕೊಂಡದ. ಈಗ ಅದು ತನ್ನ ಕಾಲ ಮ್ಯಾಲ ತಾ ನಿಂತದ.”

ಬಿಸಿಲು ಗಲ್ಲಿಗೆ ಇಳಿದಿದೆ. ಕಲಾಯಿಗೆ ಬಂದ ಹೆಂಗಸರು ಬಾಗಿಲಲ್ಲಿ ಬಿಂದಿಗೆ ಇಟ್ಟು ಹೋಗುತ್ತಿದ್ದಾರೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಮಹೆಬೂಬ ಕೆಂಪು ಕಣ್ಣು ಉಜ್ಜಿಕೊಂಡು ನಗುತ್ತಾರೆ.

“ಲಗ್ನದ ಮಂದೀಗಿ ಯಾವತ್ತೂ ಗಡಬಡ್ರಿ. ಮುಹೂರ್ತ ಮೀರ್ತು ಅಂತಾರ, ಊಟ ಆರ್ತು ಅಂತಾರ, ಬಸ್ಸು ಹೋತು ಅಂತಾರ. ಅವಸರ ಇಲ್ಲದ್ದೊಂದು ಮದಿವಿ ಸಿಗ್ಬೇಕ್ರಿ ನನಗ. ಒಂದೇ ಸಾಕು. ಮುಂದಿಂದು ನಾ ನೋಡ್ಕೋತೀನಿ.”