ಎಂಟನೇ ಸರದಿ

ಅವರ ಸೀರೆ ಎಡಸೊಂಟದ ಹತ್ತಿರ ಯಾವಾಗಲೂ ಅಂಗೈಯಗಲ ಒದ್ದೆಯಾಗಿರುತ್ತಿತ್ತು. ನೀರಿನ ಕೊಡ ಹೊತ್ತೂ ಹೊತ್ತೂ ಮೈ ಬಲಕ್ಕೆ ವಾಲುವುದು ಎಷ್ಟು ರೂಢಿಯಾಗಿತ್ತೆಂದರೆ, ಮದುವೆಮನೆಯಲ್ಲಿ ಬರಿಗೈಯಲ್ಲಿ ನಿಂತಾಗಲೂ ಅವರು ಬಲಕ್ಕೇ ವಾಲಿಕೊಂಡು ನಿಲ್ಲುತ್ತಿದ್ದರು. ಬೆಳಗಿನ ಹೊತ್ತು ಸೊಂಟ ಒದ್ದೆಯಿದ್ದರೆ ಆಶ್ಚರ್ಯವೇನಿಲ್ಲ, ಆಗ ನಲ್ಲಿಯಲ್ಲಿ ನೀರು ಬರುತ್ತಿತ್ತು. ಆದರೆ ನಾನು ಮ್ಯಾರಥಾನ್ ಓಟಕ್ಕೆ ತಯಾರಾಗುತ್ತಿದ್ದ ವರ್ಷ, ಕಾರ್ಖಾನೆ ಮುಗಿಸಿ ಸಂಜೆ ನಾಲ್ಕೂವರೆಗೆ ಮನೆಗೆ ಬಂದಾಗಲೂ ಆ ಜಾಗ ಒದ್ದೆಯಾಗಿಯೇ ಇರುತ್ತಿತ್ತು. ನೋಡಿದೆ, ಕೇಳಲಿಲ್ಲ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ನನಗೆ ನನ್ನ ಮೊಣಕಾಲು ಬಿಟ್ಟರೆ ಬೇರೆ ಯೋಚನೆಯೇ ಇರಲಿಲ್ಲ.

ವಠಾರದವರೆಲ್ಲ ಅವರನ್ನು ಮೂರನೇ ಮನೆ ದೊಡ್ಡಮ್ಮ ಎನ್ನುತ್ತಿದ್ದರು. ತಿಪಟೂರಿನ ಕಡೆಯವರು. ಗಂಡ ಮಿಲ್ಲಿನಲ್ಲಿ ದುಡಿದು ಸೋತು ಮನೆ ಸೇರಿದ್ದರು, ಹಾಸಿಗೆ ಬಿಟ್ಟು ಏಳುವುದು ಅಪರೂಪ. ರಾಜಾಜಿನಗರದ ಆ ವಠಾರದಲ್ಲಿ ಎಂಟು ಮನೆ, ಒಂದು ನಲ್ಲಿ. ಎಪ್ಪತ್ತರ ದಶಕದ ಆ ದಿನಗಳಲ್ಲಿ ನೀರು ಬೆಳಗಿನ ಐದಕ್ಕೆ ಬಂದು ಆರೂವರೆಗೆ ನಿಲ್ಲುತ್ತಿತ್ತು. ಕೆಲವು ದಿನ ಹೇಳದೆ ಕೇಳದೆ ಇನ್ನೂ ಮುಂಚೆಯೇ ಹೋಗಿಬಿಡುತ್ತಿತ್ತು. ಹಿಂದಿನ ಸಂಜೆಯೇ ಪ್ರತಿ ಮನೆಯವರೂ ತಮ್ಮ ನಾಲ್ಕು ಕೊಡಗಳನ್ನು ನಲ್ಲಿಯಿಂದ ಗೇಟಿನವರೆಗೆ ಸಾಲಾಗಿ ಇಡಬೇಕು. ಆ ಸಾಲಿನ ಯಜಮಾನಿಕೆ ದೊಡ್ಡಮ್ಮನದು. ಯಾರೂ ಕೊಟ್ಟದ್ದಲ್ಲ, ಕಿತ್ತುಕೊಳ್ಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಅವರ ಕಾನೂನು ಒಂದೇ: "ಇಟ್ಟೋರೇ ಎತ್ತಬೇಕು." ಸರದಿ ಬಂದಾಗ ಕೊಡದ ವಾರಸುದಾರ ಅಲ್ಲಿರದಿದ್ದರೆ ಕೊಡಗಳು ಸಾಲಿನ ಕೊನೆಗೆ ಹೋಗುತ್ತಿದ್ದವು. ಮನೆಯಲ್ಲಿ ಜ್ವರವಿರಲಿ, ನೆಂಟರಿರಲಿ, ವಿನಾಯಿತಿ ಇಲ್ಲ. ನಮ್ಮ ಅಪ್ಪ ತೀರಿಕೊಂಡಿದ್ದರು, ಅಮ್ಮನಿಗೆ ಮಂಡಿನೋವು, ಹಾಗಾಗಿ ನಮ್ಮ ಮನೆಯ ನೀರು ನನ್ನ ಪಾಲಿನ ಕೆಲಸ. ನಾನು ಸಂಜೆ ಬಂದ ಕೂಡಲೇ ಕೊಡ ಇಟ್ಟು ಎರಡನೇ ಜಾಗ ಹಿಡಿಯುತ್ತಿದ್ದೆ, ಮೊದಲನೆಯದು ದೊಡ್ಡಮ್ಮನಿಗೆ ಮೀಸಲು.

ಇನ್ನು ನನ್ನ ಓಟದ ಕಥೆ. ನಮ್ಮ ಕಡೆಯ ಕಾರ್ಖಾನೆಗಳವರು ಸೇರಿಕೊಂಡು ವರ್ಷಕ್ಕೊಮ್ಮೆ ನೌಕರರಿಗಾಗಿ ನಲವತ್ತೆರಡು ಕಿಲೋಮೀಟರಿನ ಓಟ ಇಡುತ್ತಿದ್ದರು. ರಾಜಾಜಿನಗರದಿಂದ ಹೊರಟು, ವಿಜಯನಗರ ದಾಟಿ ಮೈಸೂರು ರಸ್ತೆ ಹಿಡಿದು, ಕೆಂಗೇರಿಯ ಆಚೆ ತಿರುಗಿಕೊಂಡು ವಾಪಸು ಬರಬೇಕು. ಹಿಂದೆ ಒಂದು ಲಾರಿ ಬರುತ್ತಿತ್ತು, ಸುಸ್ತಾದವರನ್ನು ಹತ್ತಿಸಿಕೊಳ್ಳುವುದಕ್ಕೆ. ನಾನು ಮೊದಲ ಸಲ ಓಡಿದಾಗ ವಾಪಸು ಬರುವ ದಾರಿಯಲ್ಲಿ ಕೆಂಗೇರಿ ಬಸ್‌ಸ್ಟ್ಯಾಂಡಿನ ಹತ್ತಿರ ಕಾಲು ಹಿಡಿದುಕೊಂಡು ಕುಳಿತೆ, ಲಾರಿ ಹತ್ತಿದೆ. ಮರುದಿನದಿಂದ ಕಾರ್ಖಾನೆಯಲ್ಲಿ ನನ್ನ ಹೆಸರೇ ಲಾರಿ ಎಂದಾಯಿತು.

ಹೆಸರು ಹಾಗಿರಲಿ. ಟೈಪಿಂಗ್ ಕ್ಲಾಸು, ಸಂಜೆ ಕಾಲೇಜು, ಹಿಂದಿ ಪರೀಕ್ಷೆ, ಒಂದು ಹಳೆಯ ಹಾರ್ಮೋನಿಯಂ, ಇವೆಲ್ಲವನ್ನೂ ನಾನು ಶುರುಮಾಡಿ ನಡುವೆ ಬಿಟ್ಟವನು. ಅಮ್ಮ ನನ್ನನ್ನು ಆರಂಭಶೂರ ಎಂದು ನೆಂಟರ ಮುಂದೆ ನಗುತ್ತಲೇ ಹೇಳುತ್ತಿದ್ದಳು, ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಭಯವಿತ್ತು, ಇದೇ ನನ್ನ ಹಣೆಬರಹವೇನೋ ಎಂದು. ಹುಟ್ಟಿದ್ದಕ್ಕೆ ಒಂದನ್ನಾದರೂ ಕೊನೆ ಮುಟ್ಟಿಸಬೇಕಿತ್ತು.

ಲಾರಿಯ ಸುದ್ದಿ ದೊಡ್ಡಮ್ಮನಿಗೂ ಮುಟ್ಟಿತ್ತು. ಕೊಡ ತೊಳೆಯುತ್ತ ಕೇಳಿದರು.

"ಲಾರೀಲಿ ಬಂದ್ಯಂತೆ?"

"ಕಾಲು ಹಿಡ್ಕೊಂಡ್ಬಿಡ್ತು ದೊಡ್ಡಮ್ಮ."

"ಯಾರೂ ಅಟ್ಟಿಸ್ಕೊಂಡು ಬರ್ದೇ ಇದ್ರೂ ಓಡ್ತೀಯಲ್ಲ, ಅದೇ ನಂಗರ್ಥ ಆಗಲ್ಲ. ಹೋಗ್ಲಿ. ಓಡಕ್ಕೆ ಅಂತ ಹೊರಟ್ಮೇಲೆ ಪೂರ್ತಿ ಓಡ್ಬೇಕಪ್ಪ. ಅರ್ಧ ಕೊಡ ಹೊತ್ತು ನೋಡು, ದಾರಿಯುದ್ದಕ್ಕೂ ತುಳುಕ್ತಾನೇ ಇರುತ್ತೆ. ತುಂಬಿದ್ದೇ ಹೊರಕ್ಕೆ ಸಲೀಸು."

ತುಂಬಿದ ಕೊಡದ ಗಾದೆಯನ್ನು ಎಲ್ಲರೂ ವಿದ್ಯಾವಂತರ ಬಗ್ಗೆ ಹೇಳುತ್ತಾರೆ. ಸೊಂಟದ ಅನುಭವದಿಂದ ಹೇಳಿದವರು ಅವರೊಬ್ಬರೇ.

ಮುಂದಿನ ವರ್ಷದ ಓಟಕ್ಕೆ ಮೂರು ತಿಂಗಳಿರುವಾಗ ಮತ್ತೆ ಶುರುಮಾಡಿದೆ. ಕ್ಯಾನ್ವಾಸ್ ಬೂಟು, ಅಪ್ಪನ ಹಳೆಯ ಬನಿಯನ್ನು. ಐದೂಕಾಲಿಗೆ ನೀರು ಹಿಡಿದು, ನಾಲ್ಕು ಕೊಡ ಒಳಗೆ ಸಾಗಿಸಿ, ಓಡಲು ಹೊರಡುವಷ್ಟರಲ್ಲಿ ಬೆನ್ನು ಸೋತಿರುತ್ತಿತ್ತು. ಏಳೂವರೆಗೆ ಕಾರ್ಖಾನೆಯ ಸೈರನ್ನು. ನಲವತ್ತು ನಿಮಿಷ ಓಡಿದರೆ ಹೆಚ್ಚು. ಮೊದಲ ಎರಡು ಮೈಲಿಯಲ್ಲೇ ಉಸಿರು ಕಟ್ಟುತ್ತದೆ, ನನ್ನ ಕೈಲಾಗುವುದಿಲ್ಲ ಎಂದು ಒಂದು ದಿನ ದೊಡ್ಡಮ್ಮನೆದುರು ಗೊಣಗಿದೆ. ಆಗ ತಾನೇ ನಲ್ಲಿ ಬುಸುಗುಟ್ಟಿ ತುಕ್ಕಿನ ನೀರು ಉಗುಳುತ್ತಿತ್ತು.

"ಮೊದ್ಲು ಬರೋ ನೀರು ಕೆಂಪಗೇ ಇರುತ್ತೆ," ಎಂದರು. "ಅದನ್ನ ನೋಡಿ ಯಾರಾದ್ರೂ ನಲ್ಲಿ ನಿಲ್ಲಿಸ್ತಾರಾ? ಹರಿಯಕ್ಕೆ ಬಿಡು."

ಅದಾದ ಮುಂದಿನ ಸೋಮವಾರ ಬೆಳಿಗ್ಗೆ ನೋಡುತ್ತೇನೆ, ಎರಡನೇ ಜಾಗದಲ್ಲಿದ್ದ ನನ್ನ ಕೊಡಗಳು ಮೂರನೇ ಜಾಗದಲ್ಲಿವೆ. ಅದರ ಮುಂದಿನ ಸೋಮವಾರ ನಾಲ್ಕನೆಯದರಲ್ಲಿ. ನನಗೆ ಪಿತ್ತ ನೆತ್ತಿಗೇರಿತು. ದೊಡ್ಡವರು ಎನ್ನುವುದನ್ನೂ ನೋಡದೆ ಗದರಿಸಿ ಕೇಳಿದೆ.

"ಯಾರು ನನ್ ಕೊಡ ಸರಿಸಿದ್ದು?"

"ನಾನೇ ಕಣೋ. ನೀರು ಹೊತ್ತು ಸೊಂಟ ಬಿದ್ಮೇಲೆ ಅದೇನ್ ಓಡ್ತೀಯ? ಮೊದ್ಲು ಓಡು, ಆಮೇಲೆ ಹೊರು. ವಾರಕ್ಕೊಂದು ಜಾಗ ಹಿಂದಕ್ಕೆ ಹೋಗು. ನಿನ್ ಸರದಿ ಬರೋ ಹೊತ್ಗೆ ವಾಪಸ್ ಬಂದಿರ್ಬೇಕು ಅಷ್ಟೆ."

"ಕೊನೆಗೆ ಹೋದಾಗ ನೀರು ನಿಂತ್ಬಿಟ್ರೆ?"

"ನೀರಿನ್ ಯೋಚ್ನೆ ನಂದು. ಓಟದ್ದು ನಿಂದು."

ನಿಜ ಹೇಳಬೇಕೆಂದರೆ ಯಾವ ತರಬೇತುದಾರನೂ ಅಷ್ಟು ಚೆನ್ನಾಗಿ ಲೆಕ್ಕ ಹಾಕುತ್ತಿರಲಿಲ್ಲ. ಒಂದು ಮನೆಯ ನೀರು ತುಂಬಲು ಹತ್ತು ನಿಮಿಷ ಹಿಡಿಯುತ್ತಿತ್ತು. ವಾರ ವಾರವೂ ನನಗೆ ಓಡಲು ಹತ್ತು ನಿಮಿಷ ಹೆಚ್ಚು ಸಿಕ್ಕಿತು. ನಾಲ್ಕೂಕಾಲಿಗೆ ಎದ್ದು ಹೊರಟು ಬಸವೇಶ್ವರನಗರದ ಹೊಲಗಳ ನಡುವೆ, ಸೈಟಿಗೆಂದು ನೆಟ್ಟ ಕಲ್ಲುಗಳನ್ನು ಎಡವುತ್ತ ಓಡುತ್ತಿದ್ದೆ. ಆಮೇಲೆ ವಿಜಯನಗರದವರೆಗೆ, ಆಮೇಲೆ ಮೈಸೂರು ರಸ್ತೆಯವರೆಗೆ. ಐದನೇ ಜಾಗದಲ್ಲಿದ್ದಾಗ ಒಂದು ದಿನ ಎರಡು ನಿಮಿಷ ತಡವಾಯಿತು. ಬಂದು ನೋಡಿದರೆ ಕೊಡಗಳು ಗೇಟಿನ ಹತ್ತಿರ ಕುಳಿತಿವೆ. "ಎರಡೇ ನಿಮಿಷ ದೊಡ್ಡಮ್ಮ," ಎಂದೆ. "ಎರಡು ನಿಮಿಷ ಅಂದ್ರೆ ಒಂದು ಕೊಡ," ಎಂದರು. ಅವತ್ತು ಒಂದೇ ಕೊಡ ಸಿಕ್ಕಿತು, ಅಮ್ಮ ದಿನವಿಡೀ ನನ್ನನ್ನು ಬೈದಳು. ಮತ್ತೆಂದೂ ತಡಮಾಡಲಿಲ್ಲ.

ಎಂಟನೇ ಸರದಿಗೆ ಬಂದು ನಿಂತೆ. ಈಗ ಎರಡು ಗಂಟೆ ಓಡಬಹುದಿತ್ತು. ಕೆಲವು ದಿನ ಬರುವಷ್ಟರಲ್ಲಿ ನನ್ನ ಕೊಡಗಳು ಆಗಲೇ ತುಂಬಿರುತ್ತಿದ್ದವು, ನಲ್ಲಿ ಸುಮ್ಮನಿರುತ್ತಿತ್ತು. "ನೀರು ಹೋಗೋ ಹಾಗಿತ್ತು, ಹಿಡಿದಿಟ್ಟಿದೀನಿ, ನೀನೇ ಎತ್ಕೊಂಡು ಹೋಗು," ಎನ್ನುತ್ತಿದ್ದರು ದೊಡ್ಡಮ್ಮ. ಅದೃಷ್ಟ ನನ್ನ ಕಡೆಗಿದೆ ಎಂದುಕೊಂಡೆ.

ಓಟಕ್ಕೆ ಮೂರು ವಾರವಿರುವಾಗ ಹಳೆಯ ರೋಗ ಮರುಕಳಿಸಿತು. ಮೊಣಕಾಲು ನೋವು, ನಿದ್ದೆಗೆಟ್ಟ ಕಣ್ಣು, ಅದರ ಮೇಲೆ ಕಾರ್ಖಾನೆಯಲ್ಲಿ ಪಕ್ಕದ ಬೆಂಚಿನ ಗೆಳೆಯನ ಕುಹಕ: "ಏನ್ ಗುರು, ಈ ಸಲ ಲಾರೀಲಿ ಕಿಟಕಿ ಪಕ್ಕ ಸೀಟು ಹಿಡಿಸ್ಲಾ?" ಒಂದು ಬೆಳಿಗ್ಗೆ ಓಟಕ್ಕೆ ಏಳಲಿಲ್ಲ. ಎರಡನೇ ಬೆಳಿಗ್ಗೆಯೂ ಓಡಲಿಲ್ಲ, ಸರದಿಗೆ ಮಾತ್ರ ಎದ್ದು ನೀರು ಹಿಡಿದೆ. ಮೂರನೇ ಬೆಳಿಗ್ಗೆ ನಾಲ್ಕೂವರೆಗೆ ಬಾಗಿಲಲ್ಲಿ ಢಣ್ ಎಂಬ ಸದ್ದು. ಅಮ್ಮ ಬಾಗಿಲು ತೆರೆದು ಕೂಗಿಕೊಂಡಳು. ನಮ್ಮ ನಾಲ್ಕೂ ಕೊಡಗಳು ಹೊಸಿಲ ಮುಂದೆ ಬೋರಲು ಬಿದ್ದಿದ್ದವು. ನಮ್ಮ ವಠಾರದಲ್ಲಿ ಊರಿಗೆ ಹೋಗುವ ಮನೆಯವರು, ನಮಗೆ ಈಗ ನೀರು ಬೇಡ ಎಂದು ತಿಳಿಸಲು ಕೊಡ ಬೋರಲು ಹಾಕಿ ಹೋಗುತ್ತಿದ್ದರು.

"ಏನ್ ದೊಡ್ಡಮ್ಮ ಇದು?" ಎಂದೆ, ಕಣ್ಣುಜ್ಜಿಕೊಳ್ಳುತ್ತ.

"ಓಡಲ್ಲ ಅಂದ್ರೆ ಹೇಳ್ಬಿಡು ಕಣಪ್ಪ. ಎಂಟನೇ ಜಾಗ ಯಾಕೆ ಸುಮ್ನೆ? ನಾಳೆಯಿಂದ ಎರಡ್ನೇದಕ್ಕೆ ಹಾಕ್ತೀನಿ, ಆರಾಮಾಗಿ ಮಲ್ಕೋ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ಬೂಟಿನ ಲಾಡಿ ಕಟ್ಟಿಕೊಂಡು ಹೊರಟೆ.

ಓಟದ ಭಾನುವಾರ ದೊಡ್ಡಮ್ಮ ನೋಡಲು ಬರಲಿಲ್ಲ. "ನಲ್ಲಿ ಯಾರು ನೋಡ್ಕೋತಾರೆ?" ಎಂದು, ಹುರಿಗಡಲೆ ಬೆಲ್ಲದ ಪುಟ್ಟ ಗಂಟು ಕೈಗಿಟ್ಟರು. ಹೋಗುವ ದಾರಿ ಸಲೀಸಾಗಿ ಕಳೆಯಿತು. ವಾಪಸು ಬರುವಾಗ ಅದೇ ಕೆಂಗೇರಿ, ಅದೇ ಬಸ್‌ಸ್ಟ್ಯಾಂಡು, ಅದೇ ಮೀನಖಂಡ ಹಿಡಿದುಕೊಂಡಿತು. ಲಾರಿ ಪಕ್ಕಕ್ಕೆ ಬಂದು ನಿಧಾನವಾಯಿತು. ಕ್ಲೀನರ್ ಕೈ ಚಾಚಿದ. "ಹತ್ತಿ ಸಾರ್, ಜಾಗ ಇದೆ."

"ನನ್ ಸರದಿ ಇನ್ನೂ ಬಂದಿಲ್ಲಣ್ಣ, ನೀವು ಹೋಗಿ," ಎಂದೆ. ಅವನಿಗೆ ಏನೂ ಅರ್ಥವಾಗಿರಲಾರದು.

ಒಂದು ಲೈಟುಕಂಬದವರೆಗೆ ಕುಂಟಿದೆ, ಮುಂದಿನ ಕಂಬದವರೆಗೆ ನಡೆದೆ, ಅದರ ಮುಂದಿನದಕ್ಕೆ ಓಡಿದೆ. ನಾಯಂಡಹಳ್ಳಿಯ ಹತ್ತಿರ ಕಣ್ಣಲ್ಲಿ ನೀರು ಬರುತ್ತಿತ್ತು, ಬೆವರೆಂದುಕೊಂಡೆ. ಮೈದಾನ ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ನನ್ನ ಹಿಂದೆ ಮೂವರಷ್ಟೇ ಇದ್ದರು. ಲಾರಿಯಲ್ಲಿ ಮಾತ್ರ ನಾನಿರಲಿಲ್ಲ.

ಮನೆಗೆ ಬಂದರೆ ಕೊಡಗಳು ತುಂಬಿ ಬಾಗಿಲ ಒಳಗಿದ್ದವು. ದೊಡ್ಡಮ್ಮ ನನ್ನ ಮುಖ ನೋಡಿದರು. "ಇವತ್ತೊಂದಿನ ನಾನೇ ಎತ್ತಿದೀನಿ," ಎಂದು ಹೇಳಿ ಒಳಗೆ ಹೋದರು.

ಅಮ್ಮ ಕಾಲಿಗೆ ಬಿಸಿನೀರು ಹಾಕುತ್ತ ಬಾಯಿಬಿಟ್ಟಳು. "ಇವತ್ತೊಂದಿನ ಅಲ್ವೋ. ನೀನು ಎಂಟನೇದಕ್ಕೆ ಹೋದ್ಮೇಲೆ ಎಷ್ಟೋ ದಿನ ಏಳನೇ ಸರದಿಗೇ ನೀರು ನಿಂತ್ಹೋಗ್ತಿತ್ತು. ದೊಡ್ಡಮ್ಮ ತಮ್ಮ ಕೊಡದ್ದನ್ನೇ ನಮ್ಮದಕ್ಕೆ ಸುರೀತಿದ್ರು. ಮಧ್ಯಾಹ್ನ ಬಸವೇಶ್ವರನಗರದ ಹೊಲದ ಬಾವಿಗೆ ಹೋಗಿ ತಮಗೆ ತರ್ತಿದ್ರು. ನಿಂಗೆ ಹೇಳಿದ್ರೆ ಓಡೋದು ಬಿಟ್ಬಿಡ್ತೀಯ ಅಂತ ನನ್ ಬಾಯಿ ಮುಚ್ಚಿಸಿದ್ರು."

ಸಂಜೆಯ ಆ ಒದ್ದೆ ಆಗ ಅರ್ಥವಾಯಿತು. ಆ ಬಾವಿಯ ಪಕ್ಕದಲ್ಲೇ ನಾನು ದಿನಾ ಓಡುತ್ತಿದ್ದೆ, ಕೊಡ ಹೊತ್ತರೆ ಅದು ಅರ್ಧ ಗಂಟೆಯ ದಾರಿ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಆ ಸಂಜೆ ನಲವತ್ತೆರಡು ಕಿಲೋಮೀಟರು ಓಡಿದ ಕಾಲಲ್ಲೇ ಹೋಗಿ ಅವರ ನಾಲ್ಕು ಕೊಡಗಳನ್ನು ನಲ್ಲಿಯ ಕೆಳಗೆ ಸಾಲಾಗಿ ಇಟ್ಟೆ. ಬೆಳಿಗ್ಗೆ ಅವರು ಏಳುವ ಮುಂಚೆ ಎದ್ದು ನಿಂತಿದ್ದೆ. ಅವರು ಸೆರಗು ಸಿಕ್ಕಿಸಿಕೊಂಡು ಬಂದು ಗದರಿಸಿದರು.

"ನನ್ ಕೊಡ ಮುಟ್ಬೇಡ. ಇಟ್ಟೋರೇ ಎತ್ತಬೇಕು."

"ಇಟ್ಟಿದ್ದು ನಾನೇ ದೊಡ್ಡಮ್ಮ," ಎಂದೆ.

ಅವರು ಪಕ್ಕಕ್ಕೆ ಸರಿದು ನಲ್ಲಿ ಬಿಟ್ಟುಕೊಟ್ಟರು. ಅಂದಿನಿಂದ ಅವರ ಮನೆಯ ನೀರು ನನ್ನದಾಯಿತು. ಸಂಜೆ ಕಾಲೇಜು ಮತ್ತೆ ಸೇರಿದೆ, ಮುಗಿಸಿದೆ. ಓಟ ಈಗಲೂ ಬಿಟ್ಟಿಲ್ಲ.

ದಶಕ ಮುಗಿಯುವ ಹೊತ್ತಿಗೆ ವಠಾರದ ಮನೆಮನೆಗೂ ನಲ್ಲಿ ಬಂತು. ಅದೇ ವರ್ಷ ದೊಡ್ಡಮ್ಮ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಕೊನೆಯ ಸ್ನಾನಕ್ಕೆ ನೀರು ಬೇಕಿತ್ತು. ನಾನು ಅವರ ಹಿತ್ತಾಳೆ ಕೊಡ ಎತ್ತಿಕೊಂಡು ಗೇಟಿನ ಕಡೆ ಹೊರಟೆ. "ನಲ್ಲೀಲೇ ಬರ್ತಾ ಇದೆಯಲ್ಲೋ," ಎಂದು ಯಾರೋ ಕೂಗಿದರು. ಹೊಲವೆಲ್ಲ ಸೈಟುಗಳಾಗಿದ್ದವು, ಬಾವಿ ಮಾತ್ರ ಇನ್ನೂ ಉಳಿದಿತ್ತು. ನಮ್ಮಲ್ಲಿ ಗಂಡಸರು ಕೊಡವನ್ನು ಹೆಗಲ ಮೇಲೆ ಹೊರುತ್ತಾರೆ. ಅವತ್ತು ನಾನು ಎಡಸೊಂಟಕ್ಕಿಟ್ಟುಕೊಂಡೆ. ಅಭ್ಯಾಸವಿಲ್ಲದಿದ್ದರೂ ಮೈ ತಾನಾಗಿ ಬಲಕ್ಕೆ ವಾಲಿತು. ವಠಾರ ತಲುಪಿ ಕೊಡ ಇಳಿಸಿದಾಗ ನನ್ನ ಅಂಗಿ ಆ ಜಾಗದಲ್ಲಿ ಅಂಗೈಯಗಲ ಒದ್ದೆಯಾಗಿತ್ತು.