ಮೈಸೂರು ಸುತ್ತಿ ಬರುವ ಉತ್ತರ

ಬೈಲಹೊಂಗಲದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ತಂಗಿ ಕೌದಿ ಹೊಲಿಸುತ್ತಾಳೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಅಂಚಿನಿಂದ ನಡುವಿನ ತನಕ ಕೈಯಿಂದಲೇ ದಾರ ಹಾಯಿಸುವ ಕೆಲಸ. ಆರು ಹೆಣ್ಣುಮಕ್ಕಳು ಕೂಡುತ್ತಾರೆ. ಕಳೆದ ಮಳೆಗಾಲದಲ್ಲಿ ಕೆಲಸ ತೀರ ಕಡಿಮೆಯಾಯಿತು. ಅಂಗಡಿಯ ಹಗುರ ರಜಾಯಿ ಬಂದ ಮೇಲೆ ಕೌದಿ ಕೇಳುವವರು ಯಾರು? ದೀಪಾವಳಿಯ ತನಕ ನೋಡುವುದು, ದೊಡ್ಡ ಆರ್ಡರ್ ಬರದಿದ್ದರೆ ಕೋಣೆ ಮುಚ್ಚುವುದು ಎಂದು ತಂಗಿ ಎಲ್ಲರೆದುರು ಹೇಳಿಬಿಟ್ಟಳು. ಯಾರೂ ಸೂಜಿ ನಿಲ್ಲಿಸಲಿಲ್ಲ.

ನಾನು ಮೂವತ್ತು ವರ್ಷಕ್ಕೂ ಮೇಲೆ ಪಿ.ಟಿ. ಮಾಸ್ತರನಾಗಿದ್ದವನು. ನಿವೃತ್ತಿಯ ನಂತರ ಈ ಕೋಣೆಯ ವೇಳೆ ಪಾಲನೆ ನನ್ನ ಪಾಲಿಗೆ ಬಂತು. ಹತ್ತಕ್ಕೆ ಆರಂಭ. ಒಂದರಿಂದ ಒಂದೂವರೆ ಊಟ. ಐದಕ್ಕೆ ಮುಗಿತಾಯ. ಹೊಲಿಯುವವರ ಫೋನುಗಳೆಲ್ಲ ಬಾಗಿಲ ಪಕ್ಕದ ತಗಡಿನ ಡಬ್ಬಿಯಲ್ಲಿ. ಊಟದ ಹೊತ್ತಿಗೆ ಮಾತ್ರ ತೆಗೆಯಬಹುದು.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಕೌದಿಯ ಚಿತ್ರ ಹಾಕಿದರೆ ಗಿರಾಕಿ ಬರುತ್ತಾರೆ ಎಂದು ಕಂಡವರೆಲ್ಲ ಹೇಳಿದರು. ತಂಗಿಗೆ ಪುರಸೊತ್ತಿಲ್ಲ, ನನಗೆ ಆ ಬರವಣಿಗೆ ಬರುವುದಿಲ್ಲ. ಮೈಸೂರಿನಲ್ಲಿ ಮನೆಯಲ್ಲೇ ಕುಳಿತು ಇಂಥ ಕೆಲಸ ಮಾಡಿಕೊಡುವ ಮೇಡಂ ಒಬ್ಬರು ಪರಿಚಯದವರ ಮೂಲಕ ಸಿಕ್ಕರು. ಇಂಥವರಿಗೆ ವರ್ಚುವಲ್ ಅಸಿಸ್ಟೆಂಟ್ ಎನ್ನುತ್ತಾರಂತೆ. ಅವರನ್ನು ನಾವು ನೋಡಿಲ್ಲ, ಅವರು ಕೌದಿ ನೋಡಿಲ್ಲ. ಚಿತ್ರ ಕಳಿಸುವುದು ನಮ್ಮ ಕೆಲಸ. ಅದಕ್ಕೆ ನಾಲ್ಕು ಸಾಲು ಬರೆದು ಹಾಕುವುದು, ಕೇಳಿದವರಿಗೆ ಉತ್ತರ ಕೊಡುವುದು ಅವರ ಕೆಲಸ. ಇಬ್ಬರು ಎರಡು ರೀತಿ ಹೇಳಿದರೆ ಗೊಂದಲವಾಗುತ್ತದೆಂದು ನಮ್ಮ ಮನೆಯವರು ಯಾರೂ ಉತ್ತರ ಬರೆಯಕೂಡದೆಂಬ ನಿಯಮ ಮಾಡಿದೆ. ನನ್ನ ಫೋನಿನಲ್ಲಿ ಪುಟ ಓದಲು ಮಾತ್ರ ಬರುತ್ತಿತ್ತು. ಬರೆಯುವ ಅನುಕೂಲವನ್ನು ನಾನೇ ತೆಗೆಸಿದ್ದೆ.

ಎರಡನೆಯ ವಾರ ನಮ್ಮ ಪುಟದಲ್ಲಿ ಒಂದು ದವಡೆಹಲ್ಲಿನ ಚಿತ್ರ ಬಂತು. ಕೆಳಗೆ, ‘ನೋವು ಸಹಿಸಬೇಡಿ, ಇಂದೇ ಕೀಳಿಸಿಕೊಳ್ಳಿ’ ಎಂದಿತ್ತು. ರಾಮದುರ್ಗದ ಇಬ್ಬರು ಎಷ್ಟು ಗಂಟೆಗೆ ಬರಬೇಕೆಂದು ಕೇಳಿದ್ದರು. ಮನೋಳಿಯ ಒಬ್ಬರು, ಹಲ್ಲು ಕಿತ್ತ ಮೇಲೆ ಮಲಗಲು ಕೌದಿ ಅಲ್ಲೇ ಕೊಡುತ್ತೀರಾ ಎಂದು ಕೇಳಿದ್ದರು. ಮೇಡಂ ಕ್ಷಮೆ ಕೇಳಿದರು. ಅವರ ಕೈಯಲ್ಲಿ ಹನ್ನೊಂದು ಅಂಗಡಿಗಳ ಪುಟಗಳಿದ್ದವು, ಅವುಗಳಲ್ಲಿ ಒಬ್ಬ ದಂತವೈದ್ಯರದೂ ಇತ್ತು. ಇನ್ನು ಮುಂದೆ ನಿಮ್ಮ ಗಿರಾಕಿಗಳಿಗೆ ಉತ್ತರ ಬರೆಯಲು ಬೇರೆ ಸಹಾಯಕಿಯನ್ನು ಇಡುತ್ತೇನೆ, ಅದೂ ಕೌದಿ ಬಲ್ಲವರನ್ನೇ, ಎಂದರು.

ಆಮೇಲೆ ಉತ್ತರಗಳು ಬಹಳ ಸುಧಾರಿಸಿದವು. ಸವದತ್ತಿಯ ಹೆಣ್ಣುಮಗಳೊಬ್ಬಳು ನೈಲಾನ್ ಸೀರೆ ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ, ‘ನಡೆಯೂದಿಲ್ರಿ, ಸೂಜಿ ಜಾರತೈತಿ, ಹೊದ್ದರ ಮೈ ಬೆವರತೈತಿ, ನೂಲಿನ ಮೆತ್ತಗಿನ ಅರಿವಿ ತರ್ರಿ’ ಎಂಬ ಉತ್ತರ ಹೋಗಿತ್ತು. ಮೈಸೂರಿನವರು ನಮ್ಮ ಮಾತನ್ನು ಎಷ್ಟು ಬೇಗ ಕಲಿತರೆಂದು ತಂಗಿಗೆ ಓದಿ ಹೇಳಿದೆ. ಒಂದೇ ದೋಷವೆಂದರೆ ಉತ್ತರಗಳು ಬರುತ್ತಿದ್ದುದು ಒಂದರಿಂದ ಒಂದೂವರೆಯೊಳಗೆ, ಇಲ್ಲವೇ ಐದರ ನಂತರ. ಈ ಬಗ್ಗೆ ವಾರಕ್ಕೊಮ್ಮೆ ಮೇಡಂಗೆ ಕಟುವಾಗಿ ಬರೆಯುತ್ತಿದ್ದೆ.

ನವರಾತ್ರಿ ಮುಗಿದ ವಾರ ಕಿತ್ತೂರಿನಿಂದ ಒಂದು ಪ್ರಶ್ನೆ ಬಂತು. ಅಲ್ಲಿ ಒಬ್ಬರು ಪ್ರವಾಸಿಗರು ತಂಗುವ ಮನೆ ಕಟ್ಟಿಸಿದ್ದರು. ಮೂವತ್ತು ಕೌದಿ ಬೇಕು, ದೀಪಾವಳಿಗೆ ಆಗುತ್ತವೆಯೇ? ಮಧ್ಯಾಹ್ನ ಹನ್ನೆರಡರೊಳಗೆ ತಿಳಿಸದಿದ್ದರೆ ರಜಾಯಿ ತರಿಸುತ್ತೇನೆ ಎಂದು ಬರೆದಿದ್ದರು. ನಾನು ಅದನ್ನು ಓದಿದಾಗ ಹನ್ನೊಂದೂ ಇಪ್ಪತ್ತು.

ಕೂಡಲೇ ಉತ್ತರ ಕೊಡಿಸಿ ಎಂದು ಮೇಡಂಗೆ ಬರೆದೆ. ‘ಸಹಾಯಕಿಗೆ ತಿಳಿಸಿದ್ದೇನೆ ಸರ್’ ಎಂದರು. ಡಬ್ಬಿಯಲ್ಲಿ ಒಂದು ಫೋನು ಗುರ್ ಎಂದಿತು. ಹತ್ತು ನಿಮಿಷ ಕಾದು ಮತ್ತೆ ಬರೆದೆ. ಡಬ್ಬಿ ಮತ್ತೆ ಗುರ್ ಎಂದಿತು. ಕೆಲಸದ ಹೊತ್ತಿನಲ್ಲಿ ಸದ್ದು ಬೇಡ ಎಂದು ಎಲ್ಲರಿಗೂ ಹೇಳಿ, ಮೂರನೆಯ ಸಲ ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಬರೆದೆ: ನಿಮ್ಮ ಸಹಾಯಕಿ ಎಲ್ಲಿ ನಿದ್ದೆ ಹೊಡೆಯುತ್ತಿದ್ದಾಳೆ? ತಗಡು ನಡುಗಿತು.

ತಂಗಿ ತಲೆಯೆತ್ತಿದಳು. ‘ಅಣ್ಣಾ, ನೀ ಬರದಾಗೊಮ್ಮೆ ಡಬ್ಬಿ ಯಾಕ ಒದರತೈತಿ?’

ಪರೀಕ್ಷೆಗಾಗಿ ‘ಬೇಗ’ ಎಂದಷ್ಟೇ ಬರೆದು ಕಳಿಸಿದೆ. ಎಲ್ಲರೂ ಡಬ್ಬಿಯನ್ನೇ ನೋಡಿದೆವು. ಅರ್ಧ ನಿಮಿಷ ಬಿಟ್ಟು ಅದು ಗುರ್ ಎಂದಿತು.

‘ಯಾರದಿದು?’

ಸಂಗೊಳ್ಳಿಯಿಂದ ದಿನಾ ಬಸ್ಸಿಗೆ ಬರುವ ಹೆಣ್ಣುಮಗಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ‘ನಂದರಿ ಸರ.’

‘ಮೈಸೂರು ಮೇಡಂ ಕಡೆ ಕೆಲಸಾ ಮಾಡಾಕಿ ನೀ ಏನವಾ?’

‘ಹೌದ್ರಿ. ಎರಡ ತಿಂಗಳಾತ್ರಿ. ಕೌದಿ ಗೊತ್ತಿದ್ದವರು ಬೇಕು ಅಂತ ಫೇಸ್‌ಬುಕ್ಕಿನ್ಯಾಗ ಹಾಕಿದ್ರು. ಯಾವ ಅಂಗಡಿ ಅಂತ ಮದ್ಲ ಹೇಳಿರಲಿಲ್ರಿ. ಆಮ್ಯಾಲ ನೋಡಿದ್ರ ನಮ್ಮದ.’

‘ಹೇಳಬಾರದಿತ್ತೇನು?’

‘ಹೇಳಿದ್ರ ನೀವು ಬಿಡಸ್ತಿದ್ರಿ. ಕೋಣಿ ಉಳೀಬೇಕಂದ್ರ ಯಾರರ ಸರಿಯಾಗಿ ಉತ್ತರಾ ಕೊಡಬೇಕಲ್ರಿ.’

ಪಕ್ಕದಲ್ಲಿ ಕುಳಿತ ಮುರಗೋಡದವಳು ದಾರ ಕಡಿಯುತ್ತ ಹೇಳಿದಳು: ‘ಅದಕ್ಕ ಏನ ರೊಟ್ಟಿ ಬಿಟ್ಟು ಫೋನ ಕುಟ್ಟತಿದ್ದಿ. ನಾವು ಗಂಡನ ಸಂಗಾಟ ಜಗಳಾ ನಡದೈತಿ ಅನಕೊಂಡಿದ್ವಿ.’

ಆಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಊಟಕ್ಕೆ ಮುಂಚೆ ಡಬ್ಬಿ ತೆರೆದದ್ದು ಅದೇ ಮೊದಲು. ಫೋನನ್ನು ನಾನೇ ತಂದು ಅವಳ ಕೈಗಿಟ್ಟು, ‘ಕಿತ್ತೂರಿನವರಿಗೆ ದೀಪಾವಳಿಗೆ ಮೂವತ್ತೂ ಕೌದಿ ಆಗತಾವು ಅಂತ ಬರಿ’ ಎಂದೆ. ಅವಳು ಬೆರಳಾಡಿಸಲಿಲ್ಲ.

‘ಆಗೂದಿಲ್ರಿ ಸರ. ಹೊಲಿಯೂ ಮಂದಿ ನಾವು.’ ತಂಗಿಯ ಕಡೆ ತಿರುಗಿದಳು. ‘ಅಕ್ಕಾರ, ಎಷ್ಟ ಬರೀಲಿ?’

ತಂಗಿ ಹಾಸಿದ್ದ ಕೌದಿಗಳನ್ನೂ ಮುಂದೆ ಕುಳಿತವರ ಕೈಗಳನ್ನೂ ನೋಡಿದಳು. ‘ದೀಪಾವಳಿಗೆ ಹತ್ತು. ಉಳಿದದ್ದು ಸಂಕ್ರಾಂತಿಗೆ ಅಂತ ಬರಿ. ಬ್ಯಾಡಂದ್ರ ಬಿಡ್ಲಿ.’

ಹಾಗೆಯೇ ಬರೆದಳು. ಆರೂ ಸೂಜಿಗಳು ನಿಂತಿದ್ದವು. ನಾನು ಅದನ್ನು ಪ್ರಶ್ನಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕಿತ್ತೂರಿನಿಂದ ಉತ್ತರ ಬಂತು. ಅವಳು ಗಟ್ಟಿಯಾಗಿ ಓದಿದಳು: ‘ನಡೀತೈತಿ. ಬಡಗಿ ಇನ್ನೂ ಎಂಟ ಮಂಚಾ ಅಷ್ಟ ಕೊಟ್ಟಾನ.’

ಊಟವಾದ ಮೇಲೆ ನಾನು ಒಂದು ಸಲಹೆ ಕೊಟ್ಟೆ. ನಡುವೆ ಮೈಸೂರು ಯಾಕೆ, ಈ ಕೆಲಸಕ್ಕೆ ನಿನ್ನನ್ನೇ ನೇರವಾಗಿ ಇಟ್ಟುಕೊಳ್ಳುತ್ತೇವೆ ಎಂದೆ.

‘ಬ್ಯಾಡ್ರಿ ಸರ.’

‘ಯಾಕ?’

‘ನೀವು ಬರದದ್ದನ್ನ ಮೇಡಂ ಅವರು ಮೆತ್ತಗ ಮಾಡಿ ಕಳಸತಾರ್ರಿ. ಇವತ್ತ ನಿದ್ದಿ ಹೊಡೀತಾಳಂತ ಬರದಿದ್ರೆಲ್ಲಾ, ನನಗ ಅದು “ಬಿಡುವಾದಾಗ ನೋಡಮ್ಮ” ಅಂತ ಬಂದೈತಿ.’

‘ಖರೇ ಐತಿ, ಮೇಡಂ ಇರ್ಲಿ’ ಎಂದಳು ತಂಗಿ.

ಸಂಕ್ರಾಂತಿಯ ಹೊತ್ತಿಗೆ ಮೂವತ್ತೂ ಕೌದಿ ಕಿತ್ತೂರಿಗೆ ಹೋದವು, ಕೋಣೆ ಉಳಿಯಿತು. ವ್ಯವಸ್ಥೆಯೂ ಹಾಗೆಯೇ ಉಳಿಯಿತು, ಸಂಗೊಳ್ಳಿಯವಳ ಫೋನು ಮಾತ್ರ ಡಬ್ಬಿಯಿಂದ ಹೊರಗೆ ಬಂತು. ಗಿರಾಕಿಗಳ ವಿಷಯದಲ್ಲಿ ಏನು ಹೇಳುವುದಿದ್ದರೂ ನಾನು ಮೈಸೂರಿಗೆ ಬರೆಯುತ್ತೇನೆ. ಅವಳು ನನ್ನಿಂದ ಐದು ಮೊಳ ದೂರದಲ್ಲಿ ಸೂಜಿ ಹಿಡಿದು ಕುಳಿತಿರುತ್ತಾಳೆ. ಪಕ್ಕದ ಫೋನನ್ನು ನೋಡಿ ಅವಳು ತಲೆಯಾಡಿಸಿದರೆ ನನ್ನ ಮಾತು ಮುಟ್ಟಿತೆಂದು ತಿಳಿಯುತ್ತೇನೆ.